ಎರಡು ದನಿ ಕೂಡಿದರೆ

ನನ್ನ ದನಿಗೆ ಯಾವ ಧರ್ಮವೂ ನಿಷೇಧ ಹಾಕಬೇಕಾಗಿಲ್ಲ, ಕೇಳಿದವರೇ ಹಾಕುತ್ತಾರೆ. ಲಿಂಗಸುಗೂರಿನ ನಮ್ಮ ಮನೆಯಲ್ಲಿ ನಾನು ಬೀಸುವ ಹಾಡು ಎತ್ತಿಕೊಂಡರೆ ಅವ್ವ ಕಲ್ಲನ್ನು ಇನ್ನಷ್ಟು ಜೋರಾಗಿ ತಿರುಗಿಸುತ್ತಿದ್ದಳು.

ಹೈದರಾಬಾದಿನ ಹಾಸ್ಟೆಲಿನಲ್ಲಿ ನನ್ನ ಕೋಣೆಯ ಜೊತೆಗಾತಿ ಹನ್ನಾ, ಯಹೂದಿಯರ ಹುಡುಗಿ. ಒಳ್ಳೆಯ ಕಂಠ. ಆದರೆ ಅವರ ಮನೆತನದಲ್ಲಿ ಹೆಂಗಸರ ಹಾಡು ಪರಗಂಡಸರ ಕಿವಿಗೆ ಬೀಳಬಾರದು. ಅದರಿಂದ ಗಂಡಸರ ಮನಸ್ಸು ಕದಲುತ್ತದೆಂದು ಹಿಂದಿನ ಗುರುಗಳು ಹೇಳಿದ್ದಾರಂತೆ. ಕಾವಲುಗಾರ ಅಂಗಳಕ್ಕೆ ಬಂದರೆ ಸಾಕು, ಅವಳ ಹಾಡು ಅರ್ಧಕ್ಕೇ ನಿಲ್ಲುತ್ತಿತ್ತು. ಇದು ಅನ್ಯಾಯವೆಂದು, ಹೊಸ ವಿದ್ಯೆಯ ಹುಮ್ಮಸ್ಸಿನಲ್ಲಿ, ನಾನೊಂದು ಉಪನ್ಯಾಸ ಕೊಟ್ಟೆ. ಅವಳು ಪೂರ್ತಿ ಕೇಳಿ, ಕಿಟಕಿ ಮುಚ್ಚಿ, ಮತ್ತೆ ಹಾಡಿದಳು.

ಬೇಸಿಗೆ ರಜೆಗೆ ಅವಳು ನಮ್ಮೂರಿಗೆ ಬಂದಳು. ಬೆಳಗಿನ ಹೊತ್ತು ಅವ್ವನ ಜೊತೆ ಕೂತು, ನಾನು ಹುಟ್ಟಿದಾಗಿನಿಂದ ಕಲಿಯಲಾರದ ಬೀಸುವ ಹಾಡನ್ನು ಒಂದೇ ವಾರದಲ್ಲಿ ಕಲಿತಳು. ಅಷ್ಟರಲ್ಲಿ ಮಸ್ಕಿಯಿಂದ ನನ್ನನ್ನು ನೋಡಲು ಬಂದರು. ಮದುವೆಯಾದ ಮೇಲೂ ಹುಡುಗಿ ಓದಲಿ ಎಂದ ವರ ಅದುವರೆಗೆ ಇವರೊಬ್ಬರೇ. ಈ ಸಂಬಂಧ ನನಗೆ ಬೇಕಾಗಿತ್ತು. ಯಾರಿಗೂ ಹೇಳಿರಲಿಲ್ಲ.

ಉಪ್ಪಿಟ್ಟು ಮುಗಿದದ್ದೇ ವರನ ತಾಯಿ, "ಒಂದು ಹಾಡು ಹಾಡವ್ವ. ದನಿ ಇಲ್ಲದ ಸೊಸಿ ನಮಗ ಒಗ್ಗಂಗಿಲ್ಲ" ಎಂದರು.

ಹನ್ನಾ ಪರಗಂಡಸರೆದುರು ಹಾಡುವಂತಿಲ್ಲ, ನಾನು ಹಾಡದೆ ಇರುವಂತಿಲ್ಲ. ಅರ್ಧ ಗಂಟೆಯ ಮಟ್ಟಿಗೆ ಯಹೂದಿಯಾಗಲು ನಾನು ಸಿದ್ಧಳಿದ್ದೆ. ಬಂದವರೋ ಮಸ್ಕಿಯವರು, ಅಲ್ಲಿನ ಬಂಡೆ ಅಶೋಕನ ಮಾತನ್ನೇ ಇನ್ನೂ ಮರೆತಿಲ್ಲ, ನನ್ನ ಸ್ವರವನ್ನು ಮರೆತೀತೇ?

ನೀರಿನ ನೆಪದಲ್ಲಿ ಒಳಗೆ ಹೋದೆ. ನನ್ನ ಮುಖ ನೋಡಿ ಹನ್ನಾ ಉರ್ದುವಿನಲ್ಲಿ ಪಿಸುಗುಟ್ಟಿದಳು. ಎರಡು ದನಿ ಕೂಡಿದರೆ ಯಾವುದೊಂದೂ ಬೇರೆಯಾಗಿ ಕೇಳಿಸದು, ಆಗ ದೋಷವಿಲ್ಲ ಎಂದು ಅವಳ ಅಜ್ಜಿ ಹೇಳುತ್ತಿದ್ದರಂತೆ. ಅತಿಥಿಗಳಿದ್ದ ದಿನವೂ ಅಜ್ಜಿ ಊಟದ ಮೇಜಿನ ಮುಂದೆ ಮೊಮ್ಮಕ್ಕಳನ್ನು ಸೇರಿಸಿಕೊಂಡೇ ಹಾಡುತ್ತಿದ್ದರಂತೆ.

ನಾನು ಒಳಬಾಗಿಲ ಪರದೆಯ ಈಚೆ ಕೂತೆ, ಅವಳು ಆಚೆ. ಬೀಸುವ ಹಾಡನ್ನೇ ಒಟ್ಟಿಗೆ ಎತ್ತಿಕೊಂಡೆವು. ಸಂತೆಯಲ್ಲಿ ಮಗುವಿನ ಕೈ ಹಿಡಿದವಳ ಹಾಗೆ ಅವಳ ದನಿ ನನ್ನದನ್ನು ಕೊನೆಯ ಸಾಲಿನವರೆಗೂ ನಡೆಸಿಕೊಂಡು ಹೋಯಿತು. ವರನ ತಾಯಿ ತಲೆದೂಗಿದರು.

ಆಗ ವರ ಕೇಳಿದರು: "ಎರಡು ದನಿ ಇದ್ದವು. ನಿಮ್ದು ಯಾವುದ್ರಿ?"

"ಕೂಡಿದ ದನಿ ಬ್ಯಾರೆ ಮಾಡಬಾರದು ಅಂತ ಒಂದು ಶಾಸ್ತ್ರ ಐತ್ರಿ" ಎಂದೆ.

"ಹಂಗಾದ್ರ ಆಗಾಗ ದಾರಿ ತಪ್ಪಿದ್ದು ನಿಮ್ದು" ಎಂದು ನಕ್ಕರು. ತಾಂಬೂಲ ತೆಗೆದುಕೊಂಡರು.

ಗಂಡಸರಿದ್ದ ಮನೆಯಲ್ಲಿ ಒಂದು ಹಾಡನ್ನು ಪೂರ್ತಿ ಮುಗಿಸಿದ್ದು ಇದೇ ಮೊದಲು ಎಂದಳು ಹನ್ನಾ ಆ ಸಂಜೆ. ನನ್ನ ಉಪನ್ಯಾಸಕ್ಕೆ ತೆರೆಯಲಾಗದ ಕಿಟಕಿಯನ್ನು ನನ್ನ ಕೆಟ್ಟ ಕಂಠ ತುಸು ತೆರೆದಿತ್ತು.

ಈಗ ಮಸ್ಕಿಯ ಮನೆಯಲ್ಲಿ ನಾನು ಆರತಿ ಹಾಡು ಎತ್ತಿದರೆ ನಮ್ಮವರೂ ದನಿ ಕೂಡಿಸುತ್ತಾರೆ. ಅವರ ಸ್ವರವೂ ಅಷ್ಟಕ್ಕಷ್ಟೆ. ಹನ್ನಾಳ ಅಜ್ಜಿಯ ಶಾಸ್ತ್ರ ಎಷ್ಟು ಗಟ್ಟಿಯೆಂದರೆ, ತಪ್ಪುತ್ತಿರುವವರು ಯಾರೆಂದು ನಮ್ಮತ್ತೆಗೆ ಇನ್ನೂ ಗೊತ್ತಾಗಿಲ್ಲ.