ವಾಪಸು ಬಾರದ ಪುಸ್ತಕ

ಹೋದ ವಾರ ಕೊರಿಯರ್‌ನವನು ಒಂದು ರಟ್ಟಿನ ಪೆಟ್ಟಿಗೆ ತಂದು ಬಾಗಿಲಲ್ಲಿಟ್ಟು ಹೋದ. ಬಿಚ್ಚಿದರೆ ಮಕ್ಕಳ ಪುಸ್ತಕಗಳು. ಯಾವುದೋ ಬಹುಮಾನಕ್ಕೆ ಅಂತಿಮ ಸುತ್ತಿನ ಐದನ್ನು ಆರಿಸಿಕೊಡಬೇಕಂತೆ. ಹೊಸ ಕಾಗದದ ವಾಸನೆ ಮೂಗಿಗೆ ಬಡಿದದ್ದೇ ತಡ, ಸೀನು ಬಂತು. ಸೀನಿನ ಹಿಂದೆಯೇ ನಂಜಪ್ಪ ಮೇಷ್ಟ್ರು ಬಂದರು. ನೆನಪಿಗೆ ಬಂದರು ಎಂದೆ. ಗಾಬರಿಯಾಗಬೇಡಿ, ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ತುಮಕೂರಿನಲ್ಲಿ ನಾವು ಕೆಲವರು ಸೇರಿಕೊಂಡು ಮಕ್ಕಳ ಪುಸ್ತಕಗಳಿಗಾಗಿ ಒಂದು ಸಂಘ ನಡೆಸುತ್ತಿದ್ದೆವು. ವರ್ಷಕ್ಕೊಂದು ಬಹುಮಾನ. ನಿಜ ಹೇಳಬೇಕೆಂದರೆ ಬಹುಮಾನಕ್ಕಿಂತ ಅಂತಿಮ ಪಟ್ಟಿಗೇ ಬೆಲೆ ಹೆಚ್ಚು. ಪಟ್ಟಿಗೆ ಬಂದ ಐದು ಪುಸ್ತಕಗಳನ್ನು ಸಂಘವೇ ಮತ್ತೆ ಅಚ್ಚು ಹಾಕಿಸಿ ಶಾಲೆಗಳಿಗೆ ಹಂಚುತ್ತಿತ್ತು. ಆರಿಸುವವರು ಮೂವರು. ಗುಬ್ಬಿಯ ನಂಜಪ್ಪ ಮೇಷ್ಟ್ರು, ನಿವೃತ್ತ ಹೆಡ್‌ಮಾಸ್ಟರು, ಅಧ್ಯಕ್ಷರು. ಕುಣಿಗಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಫಾತಿಮಾ ಟೀಚರ್. ಮೂರನೆಯವನು ನಾನು. ಸಭೆ ಸೇರುತ್ತಿದ್ದ ಉಪ್ಪಾರಹಳ್ಳಿಯ ನಮ್ಮ ನಡುಮನೆಯಲ್ಲಿ ಫ್ಯಾನ್ ಇತ್ತು. ನನ್ನ ಸಾಹಿತ್ಯದ ಅರ್ಹತೆ ಅಷ್ಟೇ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಕಾಫಿ ಕೊಡುತ್ತಿದ್ದವಳು ಅವಳಾದ್ದರಿಂದ ನಾನು ವಾದಿಸಲಿಲ್ಲ.

ಮೇಷ್ಟ್ರು ಮಕ್ಕಳ ಕಥೆಯನ್ನು ಪರೀಕ್ಷೆಯ ಪೇಪರಿನಂತೆ ತಿದ್ದುತ್ತಿದ್ದರು. ನೀತಿಗೆ ಇಷ್ಟು, ಭಾಷೆಗೆ ಇಷ್ಟು, ಶುಚಿತ್ವಕ್ಕೆ ಇಷ್ಟು. ಒಂದು ಕಥೆಯಲ್ಲಿ ಮರಿ ಕಾಗೆ ಅಪ್ಪ ಕಾಗೆಯನ್ನು ಏಕವಚನದಲ್ಲಿ ಕರೆಯಿತೆಂದು ಅಂಕ ಕಳೆದರು. ‘ಕಾಗೆ ಆದ್ರೇನ್ರೀ? ಅಪ್ಪ ಅಪ್ಪನೇ’ ಎಂದರು. ಯಾವ ಪುಸ್ತಕವನ್ನೂ ಮೊದಲ ನಾಲ್ಕು ಪುಟ ದಾಟಿ ಓದುತ್ತಿರಲಿಲ್ಲ. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದಗುಳು ಹಿಸುಕಿದರೆ ಸಾಕಲ್ಲವೇ ಎನ್ನುವುದು ಅವರ ವಾದ. ಅವರ ಮನೆಯಲ್ಲಿ ಅನ್ನ ಮಾಡುತ್ತಿದ್ದವರು ಇದನ್ನು ಒಪ್ಪುತ್ತಿದ್ದರೋ ಏನೋ.

ಫಾತಿಮಾ ಟೀಚರ್ ಕ್ರಮ ಬೇರೆ. ಶನಿವಾರ ಪುಸ್ತಕಗಳನ್ನೆಲ್ಲ ತಮ್ಮ ತರಗತಿಯ ಹುಡುಗಿಯರಿಗೆ ಹಂಚಿಬಿಡುತ್ತಿದ್ದರು, ಸೋಮವಾರ ವಾಪಸು ತರಬೇಕು. ಒಂದು ವರ್ಷ ಎಲ್ಲವೂ ಬಂದವು, ಬೈಂಡು ಹಾಕಿಸಿಕೊಂಡು, ಮೂಲೆ ಮಡಚದೆ. ಒಂದು ಮಾತ್ರ ಬರಲಿಲ್ಲ. ಗುಬ್ಬಿಯ ಲಲಿತಮ್ಮ ಎಂಬ ಹೊಲಿಗೆ ಟೀಚರ್ ಬರೆದದ್ದು. ಅಪ್ಪನ ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕುವ ಹುಡುಗಿಯ ಕಥೆ. ಆಕೆ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ್ದ ಪ್ರತಿಗಳು ಮುಗಿದಿದ್ದವು. ಕೈಬರಹದ ಪ್ರತಿ ಪ್ರೆಸ್ಸಿನಲ್ಲೇ ಕಳೆದುಹೋಗಿತ್ತು. ನಮಗೆ ಕಳಿಸಿದ್ದೇ ಕೊನೆಯ ಪ್ರತಿ. ಪಟ್ಟಿಗೆ ಬಾರದಿದ್ದರೆ ಆ ಪುಸ್ತಕ ಲೋಕದಲ್ಲೇ ಇಲ್ಲ ಎಂದು ಅರ್ಥ.

‘ಪುಸ್ತಕವೇ ಇಲ್ಲ ಅಂದ್ಮೇಲೆ ಪಟ್ಟೀಲಿ ಹೆಂಗ್ರೀ ಹಾಕೋದು?’ ಎಂದರು ಮೇಷ್ಟ್ರು.

‘ವಾಪಸ್ ಬಂದಿರೋವೇ ಸೋತಿರೋದು ಸಾರ್. ಯಾವ್ದು ಬಂದಿಲ್ವೋ ಅದೇ ಗೆದ್ದಿರೋದು’ ಎಂದರು ಟೀಚರ್.

ಮೇಷ್ಟ್ರಿಗೆ ಇದು ಶಿಸ್ತಿನ ಪ್ರಶ್ನೆಯಾಗಿ ಕಂಡಿತು. ಹುಡುಗಿಯರಿಂದ ಪುಸ್ತಕ ವಸೂಲು ಮಾಡಲು ಅವರೇ ಹೊರಟರು. ಮುಂದಿನ ಭಾನುವಾರ ಮೂವರೂ ಕುಣಿಗಲ್ಲಿನ ಬಸ್ಸು ಹತ್ತಿದೆವು. ಮೇಷ್ಟ್ರು ಕೊಡೆ ತಂದಿದ್ದರು. ಮಳೆಗಲ್ಲ, ಅಧಿಕಾರಕ್ಕೆ.

ಮೊದಲ ಮನೆಯಲ್ಲೇ ಗುಟ್ಟು ಬಯಲಾಯಿತು. ಹುಡುಗಿಯರು ಸರದಿಗೆ ಕಾಯಲಾಗದೆ ಪುಸ್ತಕದ ಹೊಲಿಗೆ ಬಿಚ್ಚಿ ಹಾಳೆಗಳನ್ನು ಹಂಚಿಕೊಂಡಿದ್ದರು. ಒಬ್ಬಳು ಓದಿದ್ದನ್ನು ಪಕ್ಕದ ಮನೆಗೆ ದಾಟಿಸುವುದು, ಅಲ್ಲಿಂದ ಮುಂದಿನದನ್ನು ತರುವುದು. ಇಡೀ ಬೀದಿಗೇ ಒಂದು ಪುಸ್ತಕ. ಮೇಷ್ಟ್ರು ಬೈಯಲೆಂದು ಬಾಯಿ ತೆರೆದವರು, ಕೈಗೆ ಸಿಕ್ಕಿದ ಹಾಳೆಯ ಮೇಲೆ ಕಣ್ಣಾಡಿಸಿದರು. ಆಮೇಲೆ ಒಂದು ಜಗಲಿಯ ಮೇಲೆ ಕುಳಿತೇಬಿಟ್ಟರು. ಹಾಳೆಗಳು ಹಿಂದುಮುಂದಾಗಿ ಬರುತ್ತಿದ್ದವು, ಅವರು ಹಾಗೆ ಹಾಗೆಯೇ ಓದುತ್ತಿದ್ದರು. ನಾಲ್ಕನೆಯ ಪುಟ ದಾಟಿದ ನಂಜಪ್ಪ ಮೇಷ್ಟ್ರನ್ನು ನಾನು ನೋಡಿದ್ದು ಅಂದೇ. ಯಾರೋ ಟೀ ತಂದುಕೊಟ್ಟರು, ಅದು ತಣ್ಣಗಾಯಿತು.

ಕೊನೆಯ ಹಾಳೆ ಮಾತ್ರ ಯಾವ ಮನೆಯಲ್ಲೂ ಸಿಗಲಿಲ್ಲ.

‘ಆಮೇಲೇನಾಯ್ತಮ್ಮಾ? ಆ ಮಗಾ ಏನ್ ಮಾಡ್ತು?’ ಎಂದು ಮೇಷ್ಟ್ರು ಕೇಳಿದ ದನಿಯಲ್ಲಿ ಹೆಡ್‌ಮಾಸ್ಟರಿಕೆ ಒಂದಿಷ್ಟೂ ಇರಲಿಲ್ಲ.

ಶಾಹಿದಾ ಎಂಬ ಹುಡುಗಿ ಮುಂದೆ ಬಂದಳು. ‘ನಂಗೆ ಬಾಯಿಪಾಠ ಬರ್ತದೆ ಸಾರ್, ಬರ್ಕೊಳ್ಳಿ’ ಎಂದಳು. ಜೀವನವಿಡೀ ಉಕ್ತಲೇಖನ ಕೊಟ್ಟ ಮೇಷ್ಟ್ರು ತೊಡೆಯ ಮೇಲೆ ಕಾಗದವಿಟ್ಟುಕೊಂಡು ಬರೆದುಕೊಂಡರು. ಅವಳು ತಡವರಿಸಿದಾಗ ಕಾದರು. ಒಂದು ಪದವನ್ನೂ ತಿದ್ದಲಿಲ್ಲ. ನನಗೆ ಆ ಮುದುಕನ ಮೇಲೆ ಥಟ್ಟನೆ ಪ್ರೀತಿ ಬಂದುಬಿಟ್ಟಿತು, ಯಾಕೆಂದು ಕೇಳಬೇಡಿ. ಫಾತಿಮಾ ಟೀಚರ್ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬೀದಿಯ ಕಡೆ ನೋಡುತ್ತಿದ್ದರು.

ಪುಸ್ತಕ ಪಟ್ಟಿಗೆ ಬಂತು, ಮರುಮುದ್ರಣವೂ ಆಯಿತು. ಅಚ್ಚಿಗೆ ಮೊದಲು ಲಲಿತಮ್ಮನವರಿಗೊಮ್ಮೆ ತೋರಿಸಬೇಕೆಂದು ನಮಗ್ಯಾರಿಗೂ ಹೊಳೆಯಲಿಲ್ಲ. ಬಹುಮಾನ ಬೇರೊಂದಕ್ಕೆ ಹೋಯಿತು; ಅದರ ಹೆಸರು ಈಗ ಯಾರಿಗೂ ನೆನಪಿಲ್ಲ, ನನಗೂ. ಬಿಡುಗಡೆಗೆ ಗುಬ್ಬಿಯಿಂದ ಬಂದ ಲಲಿತಮ್ಮ ಪುಸ್ತಕ ಬಿಡಿಸಿ ಕೊನೆಯ ಪುಟವನ್ನು ನಿಂತೇ ಓದಿದರು, ಎರಡು ಸಲ.

‘ಇದು ನಾನ್ ಬರ್ದಿದ್ದಲ್ಲ’ ಎಂದರು.

ಮೇಷ್ಟ್ರ ಮುಖ ಬಿಳಿಚಿಕೊಂಡಿತು.

‘ನನ್ ಕಥೇಲಿ ಹುಡುಗಿ ನಟ್ಟು ಬಿಗಿಯೋ ಪಾನ ಕೆಳಗಿಟ್ಟು, ಕೈ ತೊಳ್ಕೊಂಡು, ಮದ್ವೆ ಆಗಿ ಹೋಗ್ತಾಳೆ. ಇಲ್ಲಿ ನೋಡಿದ್ರೆ ಶಾಪಿಗೆ ತನ್ ಹೆಸರಿನ ಬೋರ್ಡೇ ಹಾಕ್ಸವ್ಳೆ.’

ಆಕೆ ಪುಸ್ತಕ ಮುಚ್ಚಿ ಎದೆಗೊತ್ತಿಕೊಂಡರು. ‘ಹಂಗ್ ಬರ್ಯೋ ಧೈರ್ಯ ನಂಗ್ ಬರ್ಲಿಲ್ಲ ಸಾರ್. ಇರ್ಲಿ, ಇದನ್ನೇ ಇಟ್ಕೊಳ್ಳಿ’ ಎಂದರು.

‘ನಿಮಗೆ ಗೊತ್ತಿತ್ತಾ?’ ಎಂದು ಆಮೇಲೆ ಫಾತಿಮಾ ಟೀಚರನ್ನು ಕೇಳಿದೆ. ‘ಮೇಷ್ಟ್ರು ಅಷ್ಟು ಆಸೆಯಿಂದ ಬರ್ಕೋತಾ ಇದ್ರಲ್ಲ, ಹೆಂಗೆ ನಿಲ್ಸೋದು ಸಾರ್?’ ಎಂದರು.

ಈಗ ಈ ಪೆಟ್ಟಿಗೆ. ನಾಲ್ಕು ದಿನದಿಂದ ಓದುತ್ತಿದ್ದೇನೆ, ಕೊನೆಯ ಪುಟದವರೆಗೆ. ನಿನ್ನೆ ಓದಿದ್ದರಲ್ಲಿ ಒಬ್ಬಳು ಹುಡುಗಿ ಪುಸ್ತಕವಿಡೀ ಗುಡ್ಡ ಹತ್ತಿ, ಕೊನೆಯ ಪುಟದಲ್ಲಿ ದೊಡ್ಡವರ ಮಾತು ಕೇಳಿ ಇಳಿದುಬಿಟ್ಟಳು. ಆಮೇಲೆ ಆ ಕೊನೆಯ ಹಾಳೆಯನ್ನು ಜೋಪಾನವಾಗಿ ಹರಿದು ಜೇಬಿಗಿಟ್ಟುಕೊಂಡು, ಪುಸ್ತಕವನ್ನು ಮೊಮ್ಮಗಳಿಗೆ ಕೊಟ್ಟೆ.

ಸಂಜೆ ಬಂದಳು. ‘ತಾತಾ, ಲಾಸ್ಟ್ ಪೇಜೇ ಇಲ್ವಲ್ಲ ಇದ್ರಲ್ಲಿ!’

‘ಹೌದೇನಮ್ಮಾ?’ ಎಂದು ಕಾಗದ, ಪೆನ್ನು ತೆಗೆದುಕೊಂಡೆ. ‘ಹೇಳು, ಬರ್ಕೋತೀನಿ.’