ಬೀಗ ಹಾಕಿದ ಕೂಸಿನ ಕೋಣೆ

ನನ್ನ ತಂಗಿ ಬಾಯಿ ಸತ್ತವಳು ಅಂತಲೇ ನಮ್ಮ ಬಟ್ಟೆ ಕಾರ್ಖಾನೆಯಲ್ಲಿ ಎಲ್ಲರ ಲೆಕ್ಕ. ಅಂಗಿಗೆ ಕಾಲರ್ ಕೂರಿಸೋದು ಅವಳ ಕೆಲಸ. ಅವಳ ಕೈಯಿಂದ ಅಂಗಿ ನನ್ನ ಕೈಗೆ ಬರುತ್ತೆ, ನಾನು ಗುಂಡಿಗೆ ಕಾಜಾ ಹಾಕ್ತೀನಿ.

ಹೆರಿಗೆ ಆಗಿ ಮೂರು ತಿಂಗಳಿಗೇ ಅವಳು ಕೆಲಸಕ್ಕೆ ವಾಪಸ್ ಬಂದಳು. ಕೂಸು ಮನೇಲಿ ಅವಳ ಅತ್ತೆ ಹತ್ರ. ಆ ಮುದುಕಿ ಕೆಟ್ಟವಳಲ್ಲ. ಆದರೆ ಪುಡಿ ಹಾಲಿನ ಡಬ್ಬ ಬೇಗ ಖಾಲಿ ಆಗುತ್ತೆ ಅಂತ ನೀರು ಜಾಸ್ತಿ ಮಾಡಿ ಕುಡಿಸ್ತಿದ್ದಳು. ಕೂಸು ಸೊರಗಿತು. ಆಸ್ಪತ್ರೆಯಲ್ಲಿ ನರ್ಸಮ್ಮ ಅದನ್ನ ತಕ್ಕಡಿಯಿಂದ ಎತ್ತುತ್ತಾ, "ಹೋದ ತಿಂಗಳು ಇದ್ದಷ್ಟೇ ಇದೆಯಲ್ಲಮ್ಮ, ಎದೆಹಾಲು ತಪ್ಪಿಸಬೇಡ" ಅಂದರು. ತಪ್ಪಿಸಿದ್ದು ಯಾರು? ಇಲ್ಲಿ ಮಿಷನ್ ಮುಂದೆ ಇವಳ ಎದೆ ಮೇಲಿನ ಬಟ್ಟೆ ಒದ್ದೆ, ಅಲ್ಲಿ ಕೂಸಿನ ಬಾಯಿ ಒಣ. ಕಾಲರ್ ಮೇಲೆ ಹಾಲಿನ ಕಲೆ ಬಿತ್ತು ಅಂತ ಸೂಪರ್‌ವೈಸರ್ ಎಲ್ಲರೆದುರು ಅವಳ ಮಾನ ಕಳೆದ. ಅವನೇನು ಆಕಾಶದಿಂದ ಉದುರಿದವನಾ?

ಹಾಗಂತ ನಮ್ಮಲ್ಲಿ ಕೂಸಿನ ಕೋಣೆ ಇಲ್ಲ ಅಂದ್ಕೋಬೇಡಿ. ಇದೆ. ಬಾಗಿಲ ಮೇಲೆ ಬಾತುಕೋಳಿ ಚಿತ್ರ ಬೇರೆ. ಒಳಗೆ ತುಂಬಾ ದಾರದ ಪೆಟ್ಟಿಗೆ, ಹೊರಗೆ ಬೀಗ. ತಪಾಸಣೆಯವರು ಬರ್ತಾರೆ ಅಂದಾಗ ಮಾತ್ರ ಪೆಟ್ಟಿಗೆ ಹೊರಗೆ, ತೊಟ್ಟಿಲು ಒಳಗೆ. "ಕೂಸು ಇರೋರು ನಾಳೆ ಎತ್ಕೊಂಡು ಬನ್ನಿ" ಅಂತ ಅಪ್ಪಣೆ. ಯಾವ ನಾಟಕದ ಕಂಪನಿಯೂ ಇವರ ಮುಂದೆ ನಿಲ್ಲಲ್ಲ.

ಈ ಸಲ ತಂಗಿಯೂ ತನ್ನ ಮಗನನ್ನ ತಂದಳು. ಊಟದ ಹೊತ್ತಿಗೆ ಕುಡಿಸಿದಳು, ಚಹಾ ಹೊತ್ತಿಗೆ ಕುಡಿಸಿದಳು. ಹೊಟ್ಟೆ ತುಂಬಿದ ಕೂಸು ಬಾಯಿ ತೆರಕೊಂಡೇ ನಿದ್ದೆ ಹೋಯ್ತು. ಅವಳ ಮುಖ ನೋಡಿ ನಂಗೆ ಅಳು ಬಂತು.

ಮಾರನೇ ದಿನವೂ ತಂದಳು. ಕೋಣೆಗೆ ಬೀಗ ಬಿದ್ದಿತ್ತು.

"ನಿನ್ನೆ ಕರೆದಿದ್ದು ತೋರಿಸೋಕಮ್ಮ. ದಿನಾ ತರೋಕೆ ಇದೇನು ನಿಮ್ಮ ತವರುಮನೆನಾ?" ಅಂದ ಸೂಪರ್‌ವೈಸರ್.

ತಂಗಿ ತನ್ನ ಮಿಷನ್ ಮುಂದೆ ಕೂತು, ಮೇಲೊಂದು ಬಟ್ಟೆ ಹೊದ್ದು, ಕುಡಿಸೋಕೆ ಶುರು ಮಾಡಿದಳು. ಅವಳ ಪಕ್ಕ ಅಂಗಿಗಳು ಗುಡ್ಡೆ ಬಿದ್ದವು. ಕಾಲರ್ ಇಲ್ಲದೆ ನನಗೆ ಕೆಲಸ ಇಲ್ಲ, ಕಾಜಾ ಇಲ್ಲದೆ ಗುಂಡಿ ಹಚ್ಚೋಳಿಗೆ ಕೆಲಸ ಇಲ್ಲ. ಒಂದೊಂದೇ ಮಿಷನ್ ಸುಮ್ಮನಾಯ್ತು.

"ಏಳಮ್ಮ, ಲೈನ್ ನಿಂತಿದೆ." ಅವನ ದನಿ ಆಗಲೇ ಇಳಿದಿತ್ತು.

"ಇನ್ನೊಂದು ಕಡೆ ಬಾಕಿ ಇದೆ" ಅಂದಳು ನನ್ನ ತಂಗಿ.

ನಾವ್ಯಾರೂ ಅಲ್ಲಾಡಲಿಲ್ಲ. ಕೊನೆಗೆ ಬೀಗದ ಕೈ ಅವನ ಜೇಬಿನಿಂದಲೇ ಬಂತು. ಪೆಟ್ಟಿಗೆ ಹೊರೋಕೂ ಅವನನ್ನೇ ಬಿಟ್ಟೆವು.

ಈಗ ಆ ಕೋಣೆ ದಿನಾ ತೆಗೆದಿರುತ್ತೆ. ತಂಗಿ ಮಗ ಮೈ ತುಂಬ್ಕೊಂಡಿದ್ದಾನೆ. "ಇನ್ನಾದರೂ ಸಿಟ್ಟು ಬಿಡಕ್ಕಾ" ಅಂತಾಳೆ ಅವಳು. ಹೇಗೆ ಬಿಡಲಿ? ನನ್ನ ಮಗಳು ಕೂಸಾಗಿದ್ದಾಗಲೂ ಆ ಕೋಣೆ ಅಲ್ಲೇ ಇತ್ತು. ಅವಳ ಹೊಟ್ಟೆಗೆ ಹೋಗಬೇಕಾದ ಹಾಲನ್ನ ನಾನು ಪಕ್ಕದ ಕಕ್ಕಸಿನಲ್ಲಿ ಹಿಂಡಿ ಚೆಲ್ಲಿ ಬಂದು ಕಾಜಾ ಹಾಕ್ತಿದ್ದೆ.