ಸೋಪು ಹಾಕಿ ತಿಕ್ಕಿದ ಮಂಡಿ

ನಮ್ಮ ಯಜಮಾನ್ರು ಗೋಡೆಗೆ ಬಣ್ಣ ಹೊಡೆಯೋರು. ಏಣಿ ಮೇಲೆ ನಿಂತ್ರೆ ರಾಜ, ನೆಲಕ್ಕಿಳಿದ್ರೆ ಬರೀ ಸಿಡುಕು. ಹೋದ ವರ್ಷ ಮಂಡಿ ಒಳಗಿನ ಮೆತ್ತೆ ಹರಿದು ಏಣಿ ಹತ್ತೋದೇ ನಿಂತೋಯ್ತು. ಮನೇಲಿ ಕೂತು ಅವರಿವರ ಗೋಡೆಗೆಲ್ಲ ಹೆಸರಿಡೋದೇ ಕೆಲಸ ಆಯ್ತು. "ಆಪರೇಷನ್ ಆದ್ರೆ ಮತ್ತೆ ಏಣಿ ಹತ್ತಬಹುದು" ಅಂತ ಡಾಕ್ಟರು ಅಂದಾಗ ಇವರಿಗಿಂತ ಹೆಚ್ಚು ಕುಣಿದೋಳು ನಾನು.

ಆಪರೇಷನ್ ಹಿಂದಿನ ದಿನ ಸಿಸ್ಟರು ಗುಲಾಬಿ ಬಣ್ಣದ ಔಷಧಿ ಬಾಟ್ಲಿ ಕೊಟ್ಟು, "ಬೆಳಿಗ್ಗೆ ಇದರಲ್ಲೇ ಮೈ ತೊಳೆದು, ಬರೀ ನೀರು ಹಾಕ್ಕೊಂಡು ಬನ್ನಿ. ಆಮೇಲೆ ಬೇರೇನೂ ಹಚ್ಬೇಡಿ" ಅಂದಿದ್ರು. ಇಬ್ಬರೂ ಹೂಂ ಅಂದ್ವಿ. ಆದ್ರೆ ಹುಟ್ಟುಗುಣ ಸುಟ್ಟರೂ ಹೋಗುತ್ಯೇ? ಮೈಮೇಲೆ ಬಣ್ಣ ಬಿತ್ತು ಅಂದ್ರೆ, ಬಟ್ಟೆ ಸೋಪು ಹಾಕಿ ಚರ್ಮ ಕೆಂಪಾಗೋವರೆಗೂ ತಿಕ್ಕದೆ ಊಟಕ್ಕೆ ಕೂರೋ ಜೀವ ಅಲ್ಲ ಅದು. ಗುಲಾಬಿ ಔಷಧೀನೂ ಅವರ ಕಣ್ಣಿಗೆ ಬಣ್ಣಾನೇ.

ಮಾರನೇ ದಿನ ಆಸ್ಪತ್ರೇಲಿ ಸಿಸ್ಟರು ಔಷಧೀಲಿ ತೊಳೆದ್ರಾ ಅಂತ ಕೇಳಿದಾಗ ಎದೆ ಉಬ್ಬಿಸಿ, "ಒಂದು ಚುಕ್ಕೆ ಉಳಿಸಿಲ್ಲಮ್ಮ, ಸೋಪಲ್ಲಿ ತಿಕ್ಕಿ ತೆಗೆದಿದೀನಿ" ಅಂದ್ರು.

ಸಿಸ್ಟರು ತಲೆ ಮೇಲೆ ಕೈ ಇಟ್ಕೊಂಡ್ರು. "ಅಯ್ಯೋ ಅಣ್ಣಾ, ಉಳೀಬೇಕಾಗಿದ್ದನ್ನೇ ತೆಗೆದ್ರಲ್ಲ."

ನಂಗೆ ಜೀವ ಬಾಯಿಗೆ ಬಂತು. ಇವತ್ತು ತಪ್ಪಿದ್ರೆ ಮತ್ತೆ ಯಾವ ಕಾಲಕ್ಕೋ. "ರೀ, ನಿಮ್ಮ ಬುದ್ಧಿಗೇನು ಮಂಕು ಬಡಿದಿತ್ತಾ" ಅಂತ ಅಲ್ಲೇ ಶುರು ಹಚ್ಕೊಂಡೆ.

ಸಿಸ್ಟರು ನನ್ನ ಸುಮ್ಮನಾಗಿಸಿ ಅವರಿಗೆ ಬಿಡಿಸಿ ಹೇಳಿದ್ರು. "ಈ ಔಷಧಿ ಕ್ರಿಮಿ ಮೈಗೆ ಅಂಟ್ಕೊಂಡು ಅದರ ಹೊರಪದರ ಹರಿದು ಹಾಕುತ್ತೆ. ಒಳಗಿದ್ದದ್ದೆಲ್ಲ ಸೋರಿ ಕ್ರಿಮಿ ಸಾಯುತ್ತೆ. ಅಲ್ಲಿಗೆ ಮುಗೀಲಿಲ್ಲ. ಒಂಚೂರು ಔಷಧಿ ಚರ್ಮಕ್ಕೆ ಕಚ್ಕೊಂಡು ಗಂಟೆಗಟ್ಟಲೆ ಕೂತಿರುತ್ತೆ. ಆಮೇಲೆ ಬರೋ ಕ್ರಿಮಿಗೂ ಅದೇ ಗತಿ. ಸೋಪು ಬಿದ್ರೆ ಆ ಶಕ್ತಿ ಹೋಗುತ್ತೆ."

ಇವರು ಮಂಡಿ ಸವರಿ ನೋಡ್ಕೊಂಡ್ರು. "ಹಾಗಾದ್ರೆ ಬಣ್ಣಕ್ಕೆ ಮುಂಚೆ ಗೋಡೆಗೆ ಹಚ್ಚೋ ಪ್ರೈಮರ್ ಅನ್ನಿ. ಮೊದಲೇ ಹೇಳ್ಬಾರ್ದಾ? ಪ್ರೈಮರನ್ನ ಯಾರಾದ್ರೂ ತಿಕ್ತಾರಾ?"

ಸಿಸ್ಟರಿಗೆ ನಗು ತಡೆಯೋಕಾಗಲಿಲ್ಲ. ಡಾಕ್ಟರಿಗೆ ಹೇಳಿ ಇವರನ್ನ ಕೊನೇ ಸರದಿಗೆ ಹಾಕಿಸಿ, ಮತ್ತೆ ಔಷಧಿ ಕೊಟ್ಟು ಬಚ್ಚಲಿಗೆ ಕಳಿಸಿದ್ರು. ಈ ಸಲ ನಾನು ಬಾಗಿಲಲ್ಲೇ ಕಾವಲು ನಿಂತೆ.

ತೊಳೆದು ಬಂದಮೇಲೆ ಮಹಾರಾಯರು ಕಾಲು ಚಾಚಿ ಕೂತ್ರು ನೋಡಿ, ನೊಣಾನೂ ಹತ್ರ ಬಿಡ್ಲಿಲ್ಲ. ಹೊದಿಕೆ ಎಳೆಯೋಕೆ ಹೋದ್ರೆ "ಮುಟ್ಬೇಡ್ವೆ, ಹಸಿ ಇದೆ" ಅಂತ ನನಗೇ ಗದರೋದು. ಮಂಡಿ ನೋಡೋಕೆ ಬಂದ ಡಾಕ್ಟರನ್ನೂ "ಕೈ ತೊಳೆದಿದೀರಾ ಸಾರ್?" ಅಂತ ಕೇಳಿಬಿಟ್ರು. ಅವರು ನಗ್ತಾ ನಲ್ಲಿ ಕಡೆ ತಿರುಗಿದ್ರು.

ಆಪರೇಷನ್ ಚೆನ್ನಾಗಾಯ್ತು. ಗಾಯ ಒಂದು ಹನಿ ಕೀವಿಲ್ಲದೆ ಒಣಗ್ತು. ಆಮೇಲೆ ವ್ಯಾಯಾಮ ಮಾಡಿಸಿದ್ದು ನಾನು, ಬೈಸ್ಕೊಂಡಿದ್ದೂ ನಾನೇ.

ಡಾಕ್ಟರು ಒಪ್ಪಿಗೆ ಕೊಟ್ಟ ದಿನ ಏಣಿ ತಂದು ನಮ್ಮನೆ ಗೋಡೆಗೇ ಆನಿಸಿದ್ರು. ನಾನು ಬುಡ ಗಟ್ಟಿಯಾಗಿ ಹಿಡ್ಕೊಂಡೆ. ಒಂದೊಂದೇ ಮೆಟ್ಟಿಲು ಹತ್ತಿ, ಮೇಲೆ ನಿಂತು, ಬ್ರಷ್ ಎಳೆದ್ರು. ಖುಷಿಗೆ ನಂಗೆ ಅಳು ಉಕ್ಕಿ ಬಂತು.

"ಏನೇ ಅದು, ಏಣಿ ಅಲ್ಲಾಡ್ತಿದೆ. ಅಳೋದಾದ್ರೆ ಏಣಿ ಬಿಟ್ಟು ಆಚೆ ಹೋಗಿ ಅಳು" ಅಂದ್ರು ಮೇಲಿಂದ.

"ಬಿಡಲ್ಲ, ಹೋಗ್ರಿ" ಅಂದೆ.